ಮಗುಟದ ಹತ್ತಿ ಹೊಲಿಗೆ

ಇಪ್ಪತ್ತಾರು ವರ್ಷದ ಹಿಂದೆ, ಕನಕಲಕ್ಷ್ಮಮ್ಮನ ಮನೆಯ ಜಗಲಿಯ ಕೆಳಗೆ ನಿಂತು ಹನುಮಂತಯ್ಯ ಒಂದು ಮಾತು ಕೊಟ್ಟಿದ್ದ.

"ಖಾಕಿ ತೊಟ್ಕೊಂಡು ನಿಮ್ಮ ಹೊಸಿಲು ದಾಟಾಕಿಲ್ಲ ಅಮ್ಮಾವ್ರೆ. ಈ ಮಗೀನಾಣೆ."

ಆಣೆಗೆ ಸಿಕ್ಕ ಮಗುವಿಗೆ ಆಗ ಇಪ್ಪತ್ತು ದಿನ.

ಈಗ ಅದೇ ಹನುಮಂತಯ್ಯ, ನಿವೃತ್ತಿಗೆ ಎರಡು ವರ್ಷ ಬಾಕಿ ಇರುವ ಎ.ಎಸ್.ಐ. ಹನುಮಂತಯ್ಯ, ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಮ್ಮಿನ ಕಲ್ಲು ಬೆಂಚಿನ ಮೇಲೆ ಕೂತು, ಅದೇ ಮನೆಯ ಒಂದು ಬಟ್ಟೆಯ ಫೋಟೋ ನೋಡುತ್ತಿದ್ದ. ಕನಕಲಕ್ಷ್ಮಮ್ಮನ ಗಂಡ, ಅರ್ಚಕ ವರದರಾಜ ಭಟ್ಟರು ಪೂಜೆಗೆ ಉಡುವ ರೇಷ್ಮೆ ಪಂಚೆ. ಆ ಮನೆಯವರ ಬಾಯಲ್ಲಿ ಅದು ಮಗುಟ.

"ಇನ್ನೂ ದೊಡ್ಡದು ಮಾಡಿ ನೋಡಿ," ಎಂದಳು ಪಕ್ಕದಲ್ಲಿದ್ದ ಮೇಧಿನಿ. ಪೊಲೀಸ್ ಪ್ರಯೋಗಾಲಯದಲ್ಲಿ ವಿಜ್ಞಾನಿ. ಅಪ್ಪ ಇದೇ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದವರು. ಹುಡುಗಿ ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಊರಿಗೆ ಬಂದಿದ್ದವಳು ಹನ್ನೊಂದರ ಗಾಡಿಗೆ ವಾಪಸು ಹೊರಟಿದ್ದಳು.

ಹನುಮಂತಯ್ಯ ಎರಡು ಬೆರಳಲ್ಲಿ ಫೋಟೋ ಅಗಲಿಸಿದ. ಮಗುಟದ ಅಂಚಿನ ಬಳಿ ಹಿಂದೆ ಎಂದೋ ಹರಿದು, ಬಿಳಿ ದಾರದಲ್ಲಿ ಹಾಕಿದ ಐದು ಹೊಲಿಗೆ. ಕೈ ಅವನಿಗೆ ಗುರುತು ಸಿಕ್ಕಿತು. ಕನಕಲಕ್ಷ್ಮಮ್ಮ ಹೊಲಿದರೆ ಹೊಲಿಗೆ ಇರುವೆ ಸಾಲಿನಂತೆ ಇರುತ್ತದೆ.

"ಹೊಲಿಗೆ ದಾರ ಗಟ್ಟಿ ಐತೆ. ಸುತ್ತ ಇರೋ ರೇಷ್ಮೆ ಜಾಳಾಗೈತೆ."

"ಅದೇ ನಾನು ಹೇಳ್ತಿರೋದು. ಬಟ್ಟೆ ಹಳೇದಾದ್ರೆ ಎರಡೂ ಸವೀಬೇಕು. ಇಲ್ಲಿ ಯಾವುದೋ ಆರಿಸಿಕೊಂಡು ತಿಂದಿದೆ."

"ಹುಳಾನಾ?"

"ಎಂಜೈಮು."

ಮಾದಿಹಳ್ಳಿ ದಾರಿಯ ಸಣ್ಣ ಗುಡಿಯ ಕಲ್ಯಾಣಿಯಲ್ಲಿ, ಭಟ್ಟರ ತಮ್ಮ ವಿಜಯಸಾರಥಿ ತಲೆ ಒಡೆದು ಸತ್ತು ಬಿದ್ದು ಹದಿನಾರು ದಿನವಾಗಿತ್ತು. ಆ ಮಗುಟದಲ್ಲಿ ತಮ್ಮನ ರಕ್ತ ಸಿಕ್ಕರೆ ಅಣ್ಣ ಜೈಲಿಗೆ. ಕನಕಲಕ್ಷ್ಮಮ್ಮನಿಗೆ ಅಣ್ಣತಮ್ಮಂದಿರಿಲ್ಲ, ಮಕ್ಕಳಿಲ್ಲ. ಹಾಗಾದ ಮೇಲೆ ಆ ಮನೆಯಲ್ಲಿ ದೀಪ ಹಚ್ಚಲು ಅವಳೊಬ್ಬಳು.

ಆ ಬಟ್ಟೆಯನ್ನು ತೋರಿಸಿಕೊಟ್ಟವನು ಅವನೇ.

ಸಾವಿನ ಮೂರನೇ ದಿನ ಸಬ್‌ಇನ್‌ಸ್ಪೆಕ್ಟರ್ ಮಹಾಂತೇಶ್ ಮಹಜರಿಗೆ ಮನೆಯೊಳಗೆ ಹೋದಾಗ ಹನುಮಂತಯ್ಯ ಜೀಪಿನಲ್ಲೇ ಕೂತಿದ್ದ. "ಯಾಕ್ರೀ ಹನುಮಂತಯ್ಯ, ಹೊಸ್ತಿಲದಾಗ ಹಾವು ಕುಂತದೇನ್ರೀ?" ಎಂದು ಕಿಚಾಯಿಸಿ ಸಾಹೇಬರು ಒಳಗೆ ಹೋಗಿ ಬರಿಗೈಯಲ್ಲಿ ಹೊರಬಂದರು. ಹನುಮಂತಯ್ಯನ ಕಣ್ಣು ಮಾತ್ರ ಪಕ್ಕದ ಅಂಗಳದ ಗಳುವಿನ ಮೇಲೆ ನಿಂತುಬಿಟ್ಟಿತ್ತು. ಗಳುವಿನ ಮೇಲೆ ಮಗುಟ, ಅದೂ ಬಿಸಿಲಿನಲ್ಲಿ ಒಣಗುತ್ತಿತ್ತು. ಸೂತಕದ ಮನೆಯಲ್ಲಿ ಪೂಜೆಯಿಲ್ಲ. ಪೂಜೆಯಿಲ್ಲದ ಮೇಲೆ ಮಡಿ ಪಂಚೆಯನ್ನು ಯಾರೂ ತೊಳೆಯುವುದಿಲ್ಲ. ತೊಳೆದರೂ ರೇಷ್ಮೆಯನ್ನು ನೆರಳಿಗೆ ಹಾಕುತ್ತಾರೆ. "ಸಾರ್, ಆ ಬಟ್ಟೆ," ಎಂದು ಬಾಯಿ ತಾನಾಗಿಯೇ ಅಂದುಬಿಟ್ಟಿತ್ತು. ಮೂವತ್ತು ವರ್ಷದ ಅಭ್ಯಾಸ.

"ತಿಂಡಿ ಆಯ್ತಾ ನಿಮ್ದು?" ಮೇಧಿನಿ ಕೇಳಿದಳು.

ಅವನು ಚೀಲದಿಂದ ಡಬ್ಬಿ ತೆಗೆದ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. "ತಗಳಿ ಮೇಡಂ. ನಾನೇ ತಟ್ಟಿದ್ದು."

"ಅಬ್ಬಾ! ಪೊಲೀಸ್ ರೊಟ್ಟಿ. ಗಟ್ಟಿ ಇರುತ್ತೇನೋ?"

"ಲಾಠಿಗಿಂತ ಮೆತ್ತಗೈತೆ." ಅವನು ಅಪರೂಪಕ್ಕೆ ನಕ್ಕ. "ಹೆಂಡ್ತಿ ಹೋಗಿ ಐದು ವರ್ಷ. ದಿನಾ ಎರಡು ಡಬ್ಬಿ ಕಟ್ತೀನಿ, ನನಗೊಂದು, ಮಗಳು ಮೇಘಶ್ರೀಗೊಂದು. ಮೊದ್ಲು ಅವಳೇ ತಟ್ಟೋಳು. ಕೆಲಸದ ಕಡೆ ಅಂಗೈ ಕುಯ್ಕೊಂಡವ್ಳೆ, ಬ್ಯಾಂಡೇಜು ಇನ್ನಾ ಬಿಚ್ಚಿಲ್ಲ."

ಎದುರಿನ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ನಿಟ್ಟುಸಿರು ಬಿಟ್ಟು ನಿಂತಿತು. ಮೇಧಿನಿ ರೊಟ್ಟಿ ಮುರಿಯುತ್ತ ಅದರ ಕಡೆ ಗಲ್ಲ ಎತ್ತಿದಳು.

"ನೋಡಿ, ರೇಷ್ಮೆ, ರಕ್ತ, ಹಾಲು ಒಡೆದಾಗ ಸಿಗೋ ಗಟ್ಟಿ, ನಮ್ಮ ಚರ್ಮ, ಇವೆಲ್ಲ ಪ್ರೋಟೀನು. ಪ್ರೋಟೀನ್ ಅಂದ್ರೆ ಆ ಗೂಡ್ಸ್ ಗಾಡಿ ಥರ ಉದ್ದ ಸಾಲು. ಡಬ್ಬಿಗಳು ಇಪ್ಪತ್ತು ನಮೂನೆ. ಯಾವುದರ ಹಿಂದೆ ಯಾವುದು ನಿಂತಿದೆ ಅನ್ನೋದರ ಮೇಲೆ ಅದು ರಕ್ತವೋ ರೇಷ್ಮೆಯೋ."

"ಸರಿ."

"ಡಬ್ಬಿಗೂ ಡಬ್ಬಿಗೂ ನಡುವೆ ಕೊಂಡಿ ಇದೆಯಲ್ಲ, ಅದನ್ನ ಬಿಚ್ಚೋ ಆಳು ಈ ಎಂಜೈಮು. ಆದ್ರೆ ಸಿಕ್ಕ ಸಿಕ್ಕ ಕೊಂಡಿ ಬಿಚ್ಚಲ್ಲ. ಅದರ ಮೈಯಲ್ಲಿ ಒಂದು ಗುಳಿ ಇರುತ್ತೆ. ಕೊಂಡಿ ಪಕ್ಕದ ಡಬ್ಬಿ ಆ ಗುಳೀಲಿ ಸರಿಯಾಗಿ ಕೂತ್ರೆ ಮಾತ್ರ ಕೊಂಡಿ ಅದರ ಕೈಗೆ ಎಟಕುತ್ತೆ. ಎಟಕಿದ ತಕ್ಷಣ ಒಂದು ಚೂರು ನೀರನ್ನ ನಡುವೆ ತೂರಿಸಿ ಬಿಡಿಸಿಬಿಡುತ್ತೆ. ಕೂರಲಿಲ್ವಾ, ಮುಟ್ಟೋದೇ ಇಲ್ಲ."

"ಮಡಿವಂತ ಅನ್ನಿ."

"ಹ್ಞಾ! ಕೆಲವಂತೂ ಬಲು ಮಡಿ. ಎಳೆಗರು ಹೊಟ್ಟೇಲಿ ಒಂದಿದೆ. ಹಾಲಿನ ಒಂದೇ ಒಂದು ಪ್ರೋಟೀನಿನಲ್ಲಿ, ಒಂದೇ ಒಂದು ಕೊಂಡಿ ಹುಡುಕಿ ಬಿಚ್ಚುತ್ತೆ. ಅಷ್ಟಕ್ಕೇ ಹಾಲು ಗಟ್ಟಿಯಾಗಿ ಹೊಟ್ಟೇಲಿ ನಿಲ್ಲುತ್ತೆ, ಕರುಗೆ ಮೈ ಹತ್ತುತ್ತೆ."

ಹಾಲು ಎಂದಾಗ ಹನುಮಂತಯ್ಯ ಹಳಿಯ ಕಡೆ ನೋಡಿದ.

"ತೊಳೆಯೋಕೆ ಬಳಸೋ ಎಂಜೈಮು ಅಷ್ಟು ಮಡಿ ಅಲ್ಲ," ಮೇಧಿನಿ ಮುಂದುವರಿಸಿದಳು. "ಸಡಿಲವಾಗಿ ಸಿಕ್ಕ ಕಡೆ ಸುಮಾರು ಕೊಂಡಿ ಬಿಚ್ಚುತ್ತೆ. ಮೊದಲು ರಕ್ತ ಬಿಚ್ಚಿತು. ಆಮೇಲೂ ಬಟ್ಟೆ ಅದರಲ್ಲೇ ನೆನೀತಾ ಇತ್ತು, ಆಗ ರೇಷ್ಮೆಗೆ ಕೈ ಹಾಕ್ತು. ಹತ್ತಿ ಹಾಗಲ್ಲ. ಹತ್ತಿ ಪ್ರೋಟೀನೇ ಅಲ್ಲ, ಸಕ್ಕರೆ ಡಬ್ಬಿಗಳ ಸಾಲು. ಹಳೇ ಮೀಟರ್‌ಗೇಜ್ ಗಾಡಿ ಇದ್ದ ಹಾಗೆ. ಬ್ರಾಡ್‌ಗೇಜ್ ಆಳಿಗೆ ಆ ಕೊಂಡಿ ಹತ್ತಲ್ಲ."

"ಅಂಗಡಿ ಸೋಪಿನ ಪುಡಿನಾ?"

"ಅಲ್ಲ ಅನ್ಸುತ್ತೆ. ಪುಡೀಲಿ ಬಟ್ಟೆ ಬೆಳ್ಳಗೆ ಕಾಣಲಿ ಅಂತ ಒಂದು ಹೊಳಪು ಹಾಕಿರ್ತಾರೆ. ನೇರಳೆ ದೀಪ ಬಿಟ್ರೆ ಹತ್ತಿ ದಾರ ನೀಲಿಯಾಗಿ ಮಿನುಗಬೇಕಿತ್ತು. ಮಿನುಗಲಿಲ್ಲ." ಅವಳು ಕೈ ಒರೆಸಿಕೊಂಡಳು. "ನನ್ನ ಅಂದಾಜು, ಆಪರೇಷನ್ ಆದ ಮೇಲೆ ಕತ್ತರಿ ಚಾಕು ನೆನೆಹಾಕೋ ದ್ರಾವಣ. ಅಂದಾಜು ಮಾತ್ರ, ಬರೆದು ಕೊಟ್ಟಿಲ್ಲ. ಇನ್ನೊಂದು, ನೀರು ಉಗುರು ಬೆಚ್ಚಗೆ ಇತ್ತು. ಕುದಿಯೋ ನೀರಾಗಿದ್ರೆ ಎಂಜೈಮೂ ಕೆಡ್ತಿತ್ತು, ರಕ್ತವೂ ಬಟ್ಟೆಗೆ ಕಚ್ಚಿಕೊಳ್ತಿತ್ತು. ಗೊತ್ತಿದ್ದವರು ಹೇಳಿಕೊಟ್ಟಿದಾರೆ."

ಹನುಮಂತಯ್ಯನ ಯೋಚನೆ ಒಂದು ಬಾಗಿಲ ತನಕ ಹೋಯಿತು. ಅರಸೀಕೆರೆಯ ಕೊಬ್ಬರಿ ಮಂಡಿಗಳ ಹಿಂದಿನ ಬೀದಿ, ಒಂದು ನರ್ಸಿಂಗ್ ಹೋಮು, ಅದರ ಆಪರೇಷನ್ ಕೋಣೆಯಲ್ಲಿ ಕೆಲಸ ಮಾಡುವ ಹುಡುಗಿ. ಬಾಗಿಲು ತಟ್ಟದೆ ಯೋಚನೆ ವಾಪಸು ಬಂತು. ಊರಿಗೊಂದು ಆಸ್ಪತ್ರೆ, ಆಸ್ಪತ್ರೆಗೆ ಹತ್ತು ಕ್ಯಾನು. ಯಾರಾದರೂ ಆಗಬಹುದು.

"ಅಂದ್ರೆ ರಕ್ತ ಯಾರ್ದು ಅಂತ ತಿಳಿಯಾಕಿಲ್ಲ," ಎಂದ. ದನಿಯಲ್ಲಿದ್ದ ನಿರಾಳ ಅವನ ಕಿವಿಗೇ ಬಿತ್ತು.

"ತಿಳಿಯುತ್ತೆ. ತೊಳೆದವರು ಎಡವಿದ್ದು ಅಲ್ಲೇ. ಅದು ಪ್ರೋಟೀನ್ ಮಾತ್ರ ಕತ್ತರಿಸುತ್ತೆ. ಡಿಎನ್ಎ ಬೇರೆ ಗೇಜು. ಬಹಳಷ್ಟು ನೀರಲ್ಲಿ ಹೋಗಿದೆ, ಆದ್ರೆ ಹೊಲಿಗೆ ದಾರದ ಒಳಗೆ ಒಂದಿಷ್ಟು ಉಳಿದಿದೆ. ಮಧ್ಯಾಹ್ನ ಲ್ಯಾಬಿನಿಂದ ರಿಸಲ್ಟ್ ಬರುತ್ತೆ, ಫೋನ್ ಮಾಡ್ತೀನಿ."

ಅವಳ ಗಾಡಿ ಬಂತು.

* * *

ಜಾವಗಲ್ ದಾಟಿ ಹಳೇಬೀಡಿನ ಕಡೆ ಬೈಕ್ ಓಡಿಸುವಾಗ ಹನುಮಂತಯ್ಯನಿಗೆ ಮೇಧಿನಿ ಹೇಳಿದ ಎಳೆಗರುವೇ ತಲೆಯಲ್ಲಿ ನಿಂತಿತ್ತು.

ಅವನು ಆಗ ಈ ಠಾಣೆಗೆ ಹೊಸದಾಗಿ ಬಂದ ಪೇದೆ. ಗಂಡಸಿಯಿಂದ ಬಸುರಿ ಹೆಂಡತಿ ರಂಗಮ್ಮನನ್ನು ಕರೆತಂದು ಭಟ್ಟರ ಮನೆಯ ಹಿಂದೆ ಒಂದು ಕೋಣೆ ಹಿಡಿದಿದ್ದ. ಹೆರಿಗೆಯಾದ ಮೂರನೇ ದಿನಕ್ಕೆ ರಂಗಮ್ಮನಿಗೆ ನಂಜು ಏರಿತು; ಎದೆಯಲ್ಲಿ ಹಾಲಿಲ್ಲ. ಮಗು ಬಾಟಲಿ ಬಾಯಿಗಿಡದೆ ಅತ್ತೂ ಅತ್ತೂ ನೀಲಿಗಟ್ಟುತ್ತಿತ್ತು.

ಅದೇ ವಾರ ಕನಕಲಕ್ಷ್ಮಮ್ಮನ ಚೊಚ್ಚಲ ಗಂಡು ಒಂಬತ್ತು ದಿನ ಬದುಕಿ ಕಣ್ಣು ಮುಚ್ಚಿತ್ತು. ಅಳುವ ದನಿ ಗೋಡೆಯಾಚೆಯಿಂದ ಕೇಳಿ, ಅವಳು ಹಿತ್ತಲ ಬಾಗಿಲಿನಿಂದ ಬಂದು ಕೈ ನೀಡಿದಳು.

"ಅಮ್ಮಾವ್ರೆ, ನಾವು..." ಎಂದು ಹನುಮಂತಯ್ಯ ಹಿಂದೆ ಸರಿದಿದ್ದ.

"ನಾನೇ ಸೂತಕದವಳು. ನನಗ್ಯಾವ ಮಡಿ? ಕೊಡಿ ಇಲ್ಲಿ."

ಸೂತಕ ಕಳೆದ ಮೇಲೂ ಮೂರು ತಿಂಗಳು ಕೊಟ್ಟಳು. ದಿನಕ್ಕೆ ಐದು ಸಲ ಹಾಲು, ಐದು ಸಲ ತಣ್ಣೀರು ಸ್ನಾನ. ಬೀದಿಯವರು ಏನೋ ಅಂದರು. ಭಟ್ಟರು ಒಂದು ಮಾತೂ ಅನ್ನದೆ ಬಾವಿಯಿಂದ ನೀರು ಸೇದಿಕೊಟ್ಟರು.

"ನಿಮಗೆ ಏನ್ ಕೊಡ್ಲಿ?" ಎಂದು ಇವನು ಕೇಳಿದ ದಿನ ಅವಳು ಆ ಮಾತನ್ನು ಕೇಳಿದ್ದಳು. ಅವಳು ಚಿಕ್ಕವಳಿದ್ದಾಗ, ಅಪ್ಪ ಪೂಜೆ ಮಾಡುವ ಗುಡಿಯಲ್ಲಿ ದೇವರ ಬೆಳ್ಳಿ ಕಣ್ಣು ಕಾಣೆಯಾಗಿ, ಖಾಕಿಯವರು ಹೊಸಿಲು ದಾಟಿ ಬಂದು ಅವಳ ಅಪ್ಪನನ್ನು ಇಡೀ ಬೀದಿ ನೋಡುತ್ತಿದ್ದಂತೆ ಕರೆದೊಯ್ದಿದ್ದರು. ಸಂಜೆಗೆ ಬಿಟ್ಟರು. ಕಣ್ಣು ಹಳೇ ನಿರ್ಮಾಲ್ಯದ ಬುಟ್ಟಿಯಲ್ಲಿ ಸಿಕ್ಕಿತು. ಅಪ್ಪ ಮಾತ್ರ ಸಾಯುವತನಕ ಮನೆಯಿಂದ ಹೊರಗೆ ಕಾಲಿಡಲಿಲ್ಲ.

"ಬೇರೆ ಖಾಕಿ ಬಂದ್ರೆ ತಡೆಯೋಕೆ ನಾನ್ಯಾರು," ಅಂದಿದ್ದಳು. "ನಿಮ್ಮದು ಬರಬಾರದು."

ಊರ ಹೊರಗಿನ ಹುಣಸೆ ಮರದಡಿ ಬೈಕ್ ನಿಲ್ಲಿಸಿ ಹನುಮಂತಯ್ಯ ಖಾಕಿ ಬಿಚ್ಚಿ ಮಡಿಸಿ, ಬಿಳಿ ಪಂಚೆ ಸುತ್ತಿಕೊಂಡ. ಹಸು ಹೊಡೆದುಕೊಂಡು ಬರುತ್ತಿದ್ದ ಸಿದ್ದಬಸಪ್ಪ ಹಲ್ಲು ಕಿರಿದ.

"ಏನ್ಲಾ ಹನುಮಂತ, ನಾಗಪ್ಪ ಪೊರೆ ಬಿಡ್ತಾ ಐತಾ?"

"ಬಿಡ್ತಾ ಐತೆ. ನೀನು ಹಸಾ ನೋಡ್ಕೊಂಡು ಹೋಗ್ಲಾ, ತೆಂಗಿನ ಸಸಿಗೆ ಬಾಯಿ ಹಾಕೈತೆ."

ಇಪ್ಪತ್ತಾರು ವರ್ಷದಿಂದ ಇದೇ ಮರ, ಇದೇ ತಮಾಷೆ.

* * *

ಕನಕಲಕ್ಷ್ಮಮ್ಮ ಒಳಜಗಲಿಯಲ್ಲಿ ಕೂತು ಅರಳೆ ಹಿಂಜಿ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಿ ಮೊದಲು ನೋಡಿದ್ದು ಅವನ ಪಂಚೆ.

"ಬನ್ನಿ ಹನುಮಂತಯ್ಯ. ಊಟಕ್ಕೆ ಏಳಬಹುದು ಹಾಗಾದ್ರೆ."

"ಊಟ ಬ್ಯಾಡ ಅಮ್ಮಾವ್ರೆ. ಭಟ್ರು?"

"ಗುಡೀಲಿದಾರೆ. ಶುದ್ಧಿ ಆಯ್ತಲ್ಲ. ಬೇರೆ ಪಂಚೆ ಉಟ್ಟು ಹೋಗಿದಾರೆ. ಮಗುಟ ನಿಮ್ಮ ಸಾಹೇಬರ ಹತ್ರ ಇದೆ."

ಚುಚ್ಚಿದ್ದು ಸರಿಯಾದ ಜಾಗಕ್ಕೆ ತಾಗಿತು. ಅವನು ಕಂಬಕ್ಕೆ ಒರಗಿ ಕೂತ.

"ಅದ್ರ ವಿಷಯಾನೇ ಮಾತಾಡಾನ ಅಂತ ಬಂದೆ."

"ಮಾತಾಡಿ. ತೋರಿಸಿಕೊಟ್ಟವರು ನೀವೇ ತಾನೆ?"

ಹನುಮಂತಯ್ಯ ಬೆಚ್ಚಿದ.

"ನಿಮ್ಮ ಸಾಹೇಬರು ಈ ಕಡೆಗೆ ಬಂದು ಆರು ತಿಂಗಳು. ಸೂತಕದ ಮನೇಲಿ ಮಡಿ ಪಂಚೆ ಒಣಗಲ್ಲ ಅನ್ನೋದು ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿರೋ ಪೊಲೀಸು ಒಬ್ಬರೇ. ನಮ್ಮ ಮನೇಲಿ ಉಂಡವರು."

"ಹೌದು ಅಮ್ಮಾವ್ರೆ. ನಾನೇ."

ಅವಳು ಬತ್ತಿಯನ್ನು ಇನ್ನೊಂದು ಸುತ್ತು ಹೊಸೆದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅದನ್ನ ತೊಳ್ದೋರು ಯಾರು?"

"ನಾನು."

"ಯಾವುದ್ರಾಗೆ?"

"ಅಂಟುವಾಳದ ನೊರೇಲಿ. ಈ ಮನೇಲಿ ರೇಷ್ಮೆಗೆ ಬೇರೆ ಏನು ಹಾಕ್ತಾರೆ?"

"ಅಂಟುವಾಳ ರೇಷ್ಮೆ ತಿನ್ನಾಕಿಲ್ಲ ಅಮ್ಮಾವ್ರೆ." ಹನುಮಂತಯ್ಯ ತಗ್ಗಿದ ದನಿಯಲ್ಲಿ, ಮೇಧಿನಿ ಹೇಳಿದ್ದನ್ನು ತನಗೆ ಬಂದ ಹಾಗೆ ಹೇಳಿದ. ರಕ್ತವೂ ರೇಷ್ಮೆಯೂ ಒಂದೇ ಕುಲ, ಹತ್ತಿ ಬೇರೆ ಕುಲ. ಕುಲ ನೋಡಿ ಕತ್ತರಿಸುವ ಒಂದು ನೀರು ಉಂಟು. "ನೀವು ಹಾಕಿದ ಐದು ಹೊಲಿಗೆ ಹಂಗೇ ಐತೆ. ಸುತ್ತ ಇರೋ ರೇಷ್ಮೆ ಜೇಡನ ಬಲೆ ಆಗೈತೆ."

ಹೊಸೆಯುತ್ತಿದ್ದ ಕೈ ನಿಂತಿತು.

"ಹಾಳಾಯ್ತಾ?"

"ಮುಟ್ಟುದ್ರೆ ಹರಿಯಂಗೈತಂತೆ."

"ನಮ್ಮ ಮಾವ ಉಡುತಿದ್ದದ್ದು." ಅವಳ ಕಣ್ಣು ಮೊದಲ ಬಾರಿಗೆ ತುಂಬಿತು. ಮೈದುನ ಸತ್ತಾಗ ಜನರ ಮುಂದೆ ಅಳದ ಹೆಂಗಸು. "ಐವತ್ತು ವರ್ಷ ದೇವರ ಮೈ ಮುಟ್ಟಿದ ಬಟ್ಟೆ. ಏನೂ ಆಗಲ್ಲ ಅಂತ ಹೇಳಿದ್ರು..."

"ಯಾರು ಹೇಳಿದ್ರು?"

ಅವಳು ಬತ್ತಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ದೂರದಲ್ಲಿ ಗುಡಿಯ ಗಂಟೆ ಎರಡು ಸಲ ಬಡಿದು ನಿಂತಿತು.

"ಸುಟ್ಟಿದ್ರೆ ಅಲ್ಲಿಗೆ ಮುಗೀತಿತ್ತಲ್ಲ ಅಮ್ಮಾವ್ರೆ," ಎಂದ ಹನುಮಂತಯ್ಯ. ಪೊಲೀಸನ ಬಾಯಲ್ಲಿ ಬರಬಾರದ ಮಾತು. "ಒಲೆಗೆ ಹಾಕಿದ್ರೆ ನಂಗೆ ಏನೂ ಕಾಣ್ತಿರಲಿಲ್ಲ."

"ದೇವರ ಮುಂದೆ ಉಟ್ಟದ್ದನ್ನ ಸುಡ್ತಾರೇನ್ರಿ?" ಅವಳು ನಿಜವಾಗಿಯೂ ಬೆರಗಾದಳು. "ಸುಡೋದು ಹೆಣದ ಮೇಲಿನ ಬಟ್ಟೆ."

ಎಷ್ಟೋ ಕೊಲೆಗಳಲ್ಲಿ ಅವನು ಬೂದಿ ಕೆದಕಿದ್ದಾನೆ. ಸುಡಬಾರದೆಂದು ಸಾಕ್ಷಿಯನ್ನು ತೊಳೆದು, ಅದನ್ನೇ ಬಿಸಿಲಿಗೆ ಹರಡಿದ ಮನೆ ಇದೊಂದೇ.

"ಭಟ್ರನ್ನ ಉಳಿಸಾಕೆ ನೀವು..."

"ಅವರು ತಮ್ಮನ ಮೇಲೆ ಕೈ ಮಾಡಿಲ್ಲ."

"ಮತ್ತೆ ಮಗುಟಕ್ಕೆ ಹತ್ತಿದ ರಕ್ತ ಯಾರ್ದು?"

ಕನಕಲಕ್ಷ್ಮಮ್ಮ ಅವನ ಪಂಚೆಯ ಅಂಚನ್ನೇ ನೋಡುತ್ತ ಹೇಳಿದಳು: "ನೀವು ಪಂಚೇಲಿ ಬಂದು ಕೇಳ್ತಿದೀರಿ. ಮನೆಯವನಾಗಿ ಕೇಳಿದ್ದಕ್ಕೆ ಮನೆಯವಳಾಗಿ ಹೇಳ್ತೀನಿ. ಅದೊಂದು ಕೇಳಬೇಡಿ. ನನಗೋಸ್ಕರ ಅಂತ ತಿಳೀಬೇಡಿ. ನಿಮಗೋಸ್ಕರ."

"ನಂಗೋಸ್ಕರ ಯಾಕೆ?"

ಜೇಬಿನಲ್ಲಿ ಫೋನ್ ನಡುಗಿತು. ಮೇಧಿನಿ.

ಒಳಗೆ ಸಿಗ್ನಲ್ ಸರಿಯಿಲ್ಲ. ಅವನು ನಡುಮನೆ ಹಾದು ಹಿತ್ತಲಿಗೆ ಬಂದ. ಹಾದಿಯಲ್ಲಿ ಪಕ್ಕದ ಕೋಣೆಯ ಬಾಗಿಲು ಮುಚ್ಚಿತ್ತು. ಹಗಲಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಅವನು ಕಂಡಿರಲಿಲ್ಲ.

"ಸರ್, ರಿಸಲ್ಟ್ ಬಂತು. ಆ ದಾರದಲ್ಲಿರೋದು ವಿಜಯಸಾರಥಿ ರಕ್ತ ಅಲ್ಲ."

ಹನುಮಂತಯ್ಯ ಬಾವಿಕಟ್ಟೆ ಹಿಡಿದುಕೊಂಡ. ಹದಿನಾರು ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಭಟ್ಟರು ಉಳಿದರು. ಈ ಮನೆ ಉಳಿಯಿತು.

"ಅವರ ಅಣ್ಣಂದೂ ಅಲ್ಲ," ಮೇಧಿನಿ ಹೇಳುತ್ತಿದ್ದಳು. "ಹೆಂಗಸಿನದು."

ಅವನು ತಿರುಗಿ ತೆರೆದ ಬಾಗಿಲಿನ ಮೂಲಕ ಒಳಗೆ ನೋಡಿದ. ಕನಕಲಕ್ಷ್ಮಮ್ಮನ ಎರಡು ಕೈಯೂ ಮಡಿಲಲ್ಲಿದ್ದವು, ಅರಳೆಯಷ್ಟೇ ಬೆಳ್ಳಗೆ. ಒಂದು ಗೀರಿಲ್ಲ.

ಆಮೇಲೆ ಕಣ್ಣು ಒಗೆಯುವ ಕಲ್ಲಿನ ಮೇಲೆ ಬಿತ್ತು. ತೊಳೆದು ಬೋರಲು ಹಾಕಿದ ಸ್ಟೀಲ್ ಡಬ್ಬಿ. ನೀರಿನ್ನೂ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಅಂಚು ತಗ್ಗಾದ ಮುಚ್ಚಳ. ಮುಚ್ಚಳದ ಮೇಲೆ, ಸ್ಕೂಲಿನಲ್ಲಿ ಅದಲುಬದಲಾಗದಿರಲೆಂದು ರಂಗಮ್ಮ ಮೊಳೆಯಲ್ಲಿ ಗೀಚಿದ್ದ ಮೂರು ಗೆರೆ.

ಬೆಳಿಗ್ಗೆ ಆರಕ್ಕೆ ಅವನೇ ಆ ಡಬ್ಬಿಗೆ ಎರಡು ರೊಟ್ಟಿ ಹಾಕಿದ್ದ. ಚಟ್ನಿ ಸೋರದಂತೆ ಬಾಳೆ ಎಲೆ ಚೂರು ಇಟ್ಟಿದ್ದ. "ಡ್ಯೂಟಿ ಐತೆ ಕಣಪ್ಪ, ಸಂಜೆ ಲೇಟು," ಎಂದು ಅದನ್ನು ಎಡಗೈಯಲ್ಲಿ ಇಸಿದುಕೊಂಡು ಹೋಗಿದ್ದಳು. ಬಲಗೈಯಲ್ಲಿ ಬ್ಯಾಂಡೇಜು. ಹೇಗಾಯ್ತು ಎಂದು ಕೇಳಿದಾಗ, "ಬ್ಲೇಡು ತಾಗ್ತು," ಅಂದಿದ್ದಳು. ಎಂದು ಆದದ್ದು ಎಂದು ಅವನು ಲೆಕ್ಕ ಹಾಕಿರಲಿಲ್ಲ. ಹದಿನಾರು ದಿನ.

"ಸರ್? ಹಲೋ? ಯಾರ ಮೇಲಾದ್ರೂ ಅನುಮಾನ ಇದ್ರೆ ಸ್ಯಾಂಪಲ್ ಕಳಿಸಿ. ಹೋಲಿಸಿ ಹೇಳ್ತೀವಿ."

"ಕಳಿಸ್ತೀನಿ," ಎಂದ.

ಫೋನ್ ಜೇಬಿಗೆ ಹೋಯಿತು. ಬಾವಿಯ ಗಡಗಡೆಯ ಮೇಲೆ ಒಂದು ಕಾಗೆ ಕೂತು ಅವನನ್ನೇ ನೋಡುತ್ತಿತ್ತು.

ಮರೆಯಲು ದಾರಿ ಇತ್ತು. ಹೆಂಗಸಿನ ರಕ್ತ ಎಂದರೆ ಊರಲ್ಲಿ ಸಾವಿರ ಹೆಂಗಸರು. ಕನಕಲಕ್ಷ್ಮಮ್ಮ ಬಾಯಿ ಬಿಡುವುದಿಲ್ಲ. ಪಂಚೆಯಲ್ಲೇ ಬಂದಿದ್ದಾನೆ, ಪಂಚೆಯಲ್ಲೇ ಹೊರಟುಬಿಟ್ಟರೆ ಡಬ್ಬಿ ಕಂಡದ್ದು ಮನೆಯವನ ಕಣ್ಣಿಗೆ, ಪೊಲೀಸಿನ ಕಣ್ಣಿಗಲ್ಲ. ನಾಳೆ ಬೆಳಿಗ್ಗೆ ಮತ್ತೆ ಎರಡು ರೊಟ್ಟಿ ತಟ್ಟಬಹುದು. ಅವಳು ಎಡಗೈ ನೀಡುತ್ತಾಳೆ. ಇವನು ಕೇಳುವುದಿಲ್ಲ. ಅವಳು ಹೇಳುವುದಿಲ್ಲ. ಹಾಗೆ ಎಷ್ಟು ದಿನ ಡಬ್ಬಿ ಕಟ್ಟಬಹುದು?

ವಿಜಯಸಾರಥಿಯ ತಲೆ ಹಿಂದೆ ಮೂರು ಬೆರಳು ಹಿಡಿಸುವಷ್ಟು ಒಡೆದಿತ್ತು. ಹೆಣ ಎತ್ತುವಾಗ ಆ ತಲೆ ಹನುಮಂತಯ್ಯನ ತೋಳಿನ ಮೇಲೇ ಇತ್ತು.

ಅವನು ಒಳಗೆ ಬಂದ. ಕನಕಲಕ್ಷ್ಮಮ್ಮ ಅವನ ಮುಖ ನೋಡಿದಳು, ಬತ್ತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಡಬ್ಬಿ ನೋಡಿದ್ರಾ?"

"ನೋಡಿದೆ."

"ಒಳಗೆ ಎತ್ತಿಡೋದು ಮರೆತೆ." ಎಂದಳು. "ಹನುಮಂತಯ್ಯ, ಅವಳು ನನಗೂ ಮಗಳೇ. ನನ್ನದು ಹೋದಾಗ ಎದೆ ಬಿರೀತಿತ್ತು. ನಾನು ಅವಳನ್ನ ಉಳಿಸಿದೆ ಅಂತ ಊರೆಲ್ಲ ಅಂದ್ರು. ಉಳಿಸಿದ್ದು ಅವಳು ನನ್ನ."

"ಗೊತ್ತು ಅಮ್ಮಾವ್ರೆ."

"ಹಾಗಾದ್ರೆ ಮನೆಗೆ ಹೋಗಿ. ನಾನೇ ತೊಳೆದೆ, ನಾನೇ ತಳ್ಳಿದೆ ಅಂತ ಬರ್ಕೊಡ್ತೀನಿ. ನನಗೆ ಹಿಂದಿಲ್ಲ ಮುಂದಿಲ್ಲ."

"ರಕ್ತ ನಿಮ್ದಲ್ವಲ್ಲ."

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು.

ಹನುಮಂತಯ್ಯ ಎದ್ದು ಹೊರಗೆ ಹೋದ. ಮನೆ ಮುಂದೆ ನಿಲ್ಲಿಸಿದ್ದ ಬೈಕಿನ ಚೀಲದಿಂದ ಖಾಕಿ ತೆಗೆದುಕೊಂಡು, ಹಸುವಿಲ್ಲದ ಕೊಟ್ಟಿಗೆಯ ಮರೆಗೆ ನಡೆದ. ಪ್ಯಾಂಟು ಏರಿಸಿದ. ಅಂಗಿಯ ಗುಂಡಿ ಒಂದು ತಪ್ಪಿ ಇನ್ನೊಂದು ಕಾಜಕ್ಕೆ ಹೋಯಿತು. ಎಲ್ಲ ಬಿಚ್ಚಿ ಮತ್ತೆ ಮೊದಲಿಂದ ಹಾಕಿದ. ಟೋಪಿ ಹುಡುಕಿ ತಲೆಗಿಟ್ಟುಕೊಂಡ. ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಗೋದಲಿಯ ಮೇಲಿಟ್ಟ.

ಆಣೆ ಇಟ್ಟದ್ದು ಆ ಮಗುವಿನ ಮೇಲೆ. ಅದು ನೆನಪಾಗಿ ಕಾಲು ಒಂದು ಗಳಿಗೆ ಜಗಲಿಯ ಕೆಳಗೆ ನಿಂತಿತು, ಇಪ್ಪತ್ತಾರು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲೇ. ಹೊಸಿಲಿಗೆ ಬೆಳಿಗ್ಗೆ ಹಚ್ಚಿದ ಅರಿಶಿನ ಹಸಿಯಾಗಿತ್ತು.

ದಾಟಿದ.

ಕನಕಲಕ್ಷ್ಮಮ್ಮ ಅವನ ಬೂಟಿನಿಂದ ಟೋಪಿಯವರೆಗೆ ಒಂದು ಸಲ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅಪ್ಪನನ್ನು ಕರೆದೊಯ್ದ ದಿನದ ಸಣ್ಣ ಹುಡುಗಿ ಇದ್ದಳು. ಗೋಡೆ ಹಿಡಿದು ಎದ್ದು ನಿಂತು, ಮುಚ್ಚಿದ ಬಾಗಿಲ ಕಡೆ ಮುಖ ತಿರುಗಿಸಿದಳು.

"ಮೇಘಾ, ಹೊರಗೆ ಬಾ ಮಗಳೆ. ನಿಮ್ಮಪ್ಪ ಕೆಲಸದ ಮೇಲೆ ಬಂದಿದಾರೆ."

ಅಗಳಿ ಸರಿಯಿತು. ಮೇಘಶ್ರೀ ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಮುಖ ಊದಿತ್ತು. ಬ್ಯಾಂಡೇಜು ಬಿಚ್ಚಿದ್ದಳು, ಅಂಗೈಯ ಅಡ್ಡಕ್ಕೆ ಉದ್ದನೆಯ ಗಾಯ, ಒಣಗಿ ಕಪ್ಪಾಗಿತ್ತು. ಬ್ಲೇಡಿನ ಗಾಯ ಅಷ್ಟು ಅಂಕುಡೊಂಕಾಗಿ ಇರುವುದಿಲ್ಲ. ಅದು ಕಲ್ಲಿನ ಅಂಚು.

"ಅಪ್ಪಾ," ಎಂದಳು. "ಅವರನ್ನ ಬೀಳಿಸಿದ್ದು ನಾನಲ್ಲ. ನಾನು ಹಿಡ್ಕೊಳಾಕ್ ಹೋದೆ. ಕಲ್ಲು ತಾಗಿ ಕೈ ಕುಯ್ತು, ಆ ರಕ್ತಾನೇ ಮಗುಟಕ್ಕೆ ಹತ್ತಿದ್ದು."

"ಬೀಳಿಸಿದ್ದು ಯಾರು?"

ಮೇಘಶ್ರೀ ಬಾಯಿ ತೆರೆದಳು. ಅವಳ ಕಣ್ಣು ಅಪ್ಪನ ಭುಜದ ಮೇಲಿಂದ ಹಾದು, ಅವನ ಬೆನ್ನ ಹಿಂದೆ ಹೊಸಿಲಲ್ಲಿ ಯಾರನ್ನೋ ನೋಡಿ ನಿಂತುಹೋಯಿತು. ತೆರೆದ ಬಾಯಿ ಮುಚ್ಚಿತು. ಹಿಂದಿನಿಂದ ಗುಡಿಯ ಕರ್ಪೂರದ ವಾಸನೆ ಬಂತು.

ಹನುಮಂತಯ್ಯ ತಿರುಗುವ ಮೊದಲು ಗೋಡೆಯ ಗಡಿಯಾರ ನೋಡಿದ. ಡೈರಿಯಲ್ಲಿ ಬರೆಯಬೇಕಾಗುತ್ತದೆ. ಎರಡು ಗಂಟೆ ಹತ್ತು ನಿಮಿಷ.

ಕನಕಲಕ್ಷ್ಮಮ್ಮನಿಗೆ ಅವನು ಕೊಟ್ಟಿದ್ದ ಮಾತು ಮುರಿಯಿತು.